"ಕೆಲಸದವಳ ಮೇಲೆ ನಮಗೆ ಡೌಟು"

ಕಳ್ಳತನವಾದ ಮನೆಗೆ ನಾವು ಬೆರಳಚ್ಚಿನವರು ಹೋಗುವಷ್ಟರಲ್ಲಿ ಅರ್ಧ ಬೀದಿ ಒಳಗೆ ಬಂದು ಹೋಗಿರುತ್ತದೆ. ಯಾರೋ ಬೀರು ಬಾಗಿಲು ತೆಗೆದು ನೋಡಿರುತ್ತಾರೆ. ಪಕ್ಕದ ಮನೆಯವರು ಚೆಲ್ಲಾಡಿದ್ದ ಸೀರೆಗಳನ್ನು ಮಡಿಸಿಟ್ಟಿರುತ್ತಾರೆ. ಪೊಲೀಸರು ಬರ್ತಾರೆ ಅಂತ ನೆಲ ಒರೆಸಿದ್ದನ್ನೂ ನೋಡಿದ್ದೇನೆ. ನಾನು ಪೆಟ್ಟಿಗೆ ಕೆಳಗಿಡುವ ಮೊದಲೇ ಮನೆಯೊಡತಿ ಹತ್ತಿರ ಬಂದು ಹೇಳುತ್ತಾರೆ: "ಮೇಡಂ, ಕೆಲಸದವಳ ಮೇಲೆ ನಮಗೆ ಡೌಟು."

ಜಿಲ್ಲಾ ಬೆರಳಚ್ಚು ಘಟಕದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸಿಐಡಿ ಅಂದರೆ ಜನರ ಕಣ್ಣ ಮುಂದೆ ಬರುವುದು ಬೆಂಗಳೂರಿನಲ್ಲಿ ಅದರ ಕಚೇರಿ ಇರುವ ಕಾರ್ಲ್‌ಟನ್ ಹೌಸ್ ಮತ್ತು ದೊಡ್ಡ ದೊಡ್ಡ ಹಗರಣಗಳು. ಹಿರಿಯರು ಈಗಲೂ ಅದರ ಹಳೆಯ ಹೆಸರು ಹಿಡಿದು "ಕೇಸು ಸಿಓಡಿಗೆ ಹೋಯ್ತಂತೆ" ಅನ್ನುತ್ತಾರೆ. ಆದರೆ ತನಿಖೆ ಸಿಐಡಿಯವರದ್ದಾಗಲಿ, ಠಾಣೆಯವರದ್ದಾಗಲಿ, ಶುರುವಾಗುವುದು ಸ್ಥಳದಲ್ಲಿ ಏನು ಉಳಿದಿದೆ ಅನ್ನುವುದರಿಂದಲೇ.

ನಮ್ಮ ಕೆಲಸ ನಿಧಾನದ್ದು. ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ತಿಳಿ ಬಣ್ಣದ ಬೀರುವಿಗೆ ಕಪ್ಪು ಪುಡಿ, ಗಾಢ ಬಣ್ಣದ್ದಕ್ಕೆ ಬೂದು ಪುಡಿ. ಬ್ರಷ್ ಸ್ವಲ್ಪ ಜಾಸ್ತಿ ಒತ್ತಿದರೂ ಗೆರೆ ಹಾಳು. ಗೆರೆ ಎದ್ದು ಬಂದ ಮೇಲೆ ಫೋಟೋ, ಆಮೇಲೆ ಟೇಪಿನಲ್ಲಿ ಎತ್ತುವುದು. ಕಾಗದವಾದರೆ ನಿನ್‌ಹೈಡ್ರಿನ್ ಅನ್ನುವ ರಾಸಾಯನಿಕ ಹಚ್ಚುತ್ತೇವೆ, ಬೆವರಿನ ಗುರುತು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೀಗೆ ಸಿಕ್ಕಿದ್ದಕ್ಕೆ ನಮ್ಮಲ್ಲಿ ಚಾನ್ಸ್ ಪ್ರಿಂಟ್ ಅನ್ನುತ್ತಾರೆ.

ಇದಾದ ಮೇಲೆ ಮನೆಯವರೆಲ್ಲರ ಬೆರಳಚ್ಚು ತೆಗೆದುಕೊಳ್ಳಬೇಕು. ಇಲ್ಲೇ ಜಗಳ. "ಕದ್ದಿದ್ದು ನಮ್ಮನೇಲಿ, ನಮ್ಮ ಬೆರಳು ಯಾಕೆ?" ಅಂತ ಯಜಮಾನರಿಗೆ ಸಿಟ್ಟು. ಮನೆಯವರದ್ದು ಯಾವುದು ಅಂತ ಗೊತ್ತಾದರೆ ತಾನೇ ಹೊರಗಿನವರದ್ದು ಯಾವುದು ಅಂತ ಗೊತ್ತಾಗುವುದು? ಕೆಲಸದಾಕೆಯ ಬೆರಳಿಗೆ ಮಸಿ ಹಚ್ಚಲು ಮಾತ್ರ ಯಾರ ತಕರಾರೂ ಇರುವುದಿಲ್ಲ. ಆಕೆಯ ಗುರುತು ಬೀರುವಿನ ಮೇಲೆ ಸಿಕ್ಕರೆ "ನೋಡಿ, ನಾವು ಹೇಳಲಿಲ್ವಾ" ಅನ್ನುತ್ತಾರೆ. ದಿನಾ ಆ ಬೀರು ಒರೆಸುವವರು ಅವರೇ. ಅವರ ಗುರುತು ಅಲ್ಲಿ ಇರಲೇಬೇಕು. ಯಾರು ಮುಟ್ಟಿದರು ಅನ್ನುವುದಷ್ಟೇ ಬೆರಳಚ್ಚಿನಿಂದ ಗೊತ್ತಾಗುತ್ತದೆ. ಯಾವಾಗ ಮುಟ್ಟಿದರು, ಯಾಕೆ ಮುಟ್ಟಿದರು ಅನ್ನುವುದು ಅದರಲ್ಲಿ ಇರುವುದಿಲ್ಲ. ಸಾಕ್ಷಿ ಹೇಳಲು ಹೋದಾಗಲೆಲ್ಲ ವಕೀಲರು ನನ್ನನ್ನು ಹಿಡಿಯುತ್ತಿದ್ದದ್ದು ಇಲ್ಲೇ, ಮತ್ತು ಅವರು ಕೇಳುತ್ತಿದ್ದದ್ದು ಸರಿಯಾಗಿಯೇ ಇತ್ತು.

ಈ ಪ್ರಶ್ನೆ ನಮ್ಮ ವಿದ್ಯೆಯಷ್ಟೇ ಹಳೆಯದು. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. ಬೆರಳಚ್ಚುಗಳನ್ನು 1024 ಗೂಡುಗಳಲ್ಲಿ ವಿಂಗಡಿಸಿಡುವ ಕ್ರಮಕ್ಕಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ ಹೋಯಿತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಬೇಜಾರಾಗುತ್ತದೆ.

ಅದೇ ವರ್ಷ ಬಂಗಾಳದ ಜಲ್ಪಾಯ್‌ಗುರಿಯಲ್ಲಿ ಒಬ್ಬ ಟೀ ತೋಟದ ಮ್ಯಾನೇಜರ್ ಕೊಲೆಯಾದ. ಹಣ ಹೋಗಿತ್ತು. ಸಂಶಯ ಹೋಗಿದ್ದು ಯಾರ ಮೇಲೆ? ಅಡುಗೆಯವನ ಮೇಲೆ. ಅವನ ಬಟ್ಟೆಯಲ್ಲಿ ರಕ್ತ ಇತ್ತು. ಪಾರಿವಾಳ ಕೊಯ್ದಿದ್ದೆ ಅಂತ ಅವನು ಹೇಳಿದ. ಆಮೇಲೆ ಅಲ್ಲಿದ್ದ ಬಂಗಾಳಿ ಪಂಚಾಂಗದ ಹೊದಿಕೆಯ ಮೇಲೆ ಕಂದು ಬಣ್ಣದ ಒಂದು ಹೆಬ್ಬೆಟ್ಟಿನ ಗುರುತು ಕಂಡಿತು. ಹಿಂದೆ ಅದೇ ಮನೆಯಲ್ಲಿ ಕಳ್ಳತನ ಮಾಡಿ ಜೈಲಿಗೆ ಹೋಗಿದ್ದ ಆಳಿನ ಬಲ ಹೆಬ್ಬೆಟ್ಟಿಗೆ ಅದು ಹೊಂದಿತು. 1898ರಲ್ಲಿ ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಪಂಚಾಂಗ ಮುಟ್ಟಿದ್ದು ಸಾಬೀತು, ಕೊಂದಿದ್ದನ್ನು ಕಂಡವರಿಲ್ಲ. ಅಡುಗೆಯವನು ಬಚಾವಾದ. ನನ್ನ ಮಟ್ಟಿಗೆ ಆ ಕೇಸಿನ ದೊಡ್ಡ ಸಂಗತಿ ಇದೇ.

ನನ್ನ ಕೈಯಲ್ಲಿ ಬಂದ ಒಂದು ಮನೆ ಕಳ್ಳತನ ಹೇಳುತ್ತೇನೆ. ಊರು ಬೇಡ. ಕೆಲಸದಾಕೆ ಬೆಳಗ್ಗೆಯಿಂದ ಠಾಣೆಯಲ್ಲಿ ಕೂತಿದ್ದರು, ಮಡಿಲಲ್ಲಿ ಮಗಳ ಸ್ಕೂಲ್ ಬ್ಯಾಗು. ಬೀರು ತುಂಬ ಮನೆಯವರದ್ದೇ ಗುರುತುಗಳು. ಹಿತ್ತಲಿಗೆ ಹೋದೆ. ಬಚ್ಚಲಮನೆಯ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಯಾರೋ ಒಂದೊಂದೇ ಜಾರಿಸಿ ತೆಗೆದು ಗೋಡೆ ಬುಡದಲ್ಲಿ ಜೋಡಿಸಿಟ್ಟಿದ್ದರು. ಒಂದು ಪಟ್ಟಿಯ ಒಂದು ಬದಿಗೆ ಹೆಬ್ಬೆಟ್ಟು, ಇನ್ನೊಂದು ಬದಿಗೆ ಎರಡು ಬೆರಳು. ಒರೆಸುವಾಗ ಗಾಜನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಕಂಪ್ಯೂಟರಿಗೆ ಹಾಕಿದೆವು. ಅದು ಹತ್ತಿರದ ಹೋಲಿಕೆಗಳನ್ನು ಸಾಲಾಗಿ ಕೊಡುತ್ತದೆ ಅಷ್ಟೆ. ಗೆರೆ ಎಲ್ಲಿ ಕವಲೊಡೆದಿದೆ, ಎಲ್ಲಿ ನಿಂತಿದೆ ಅಂತ ಕಣ್ಣಿಟ್ಟು ಹೋಲಿಸುವುದು ನಾವೇ. ಸಾಮಾನ್ಯವಾಗಿ ಎಂಟು ಕಡೆ ಹೊಂದಿದರೆ ಎರಡೂ ಒಂದೇ ಬೆರಳಿನದ್ದು ಅಂತ ಅಭಿಪ್ರಾಯ ಕೊಡುವುದು ರೂಢಿ. ಅವತ್ತು ಹೊಂದಿದ್ದು ಬೇರೆ ಜಿಲ್ಲೆಯಲ್ಲಿ ಹಿಂದೆ ಸಿಕ್ಕಿಬಿದ್ದಿದ್ದ ಒಬ್ಬನ ಬೆರಳಿಗೆ. ಆಕೆಯನ್ನು ಮನೆಗೆ ಕಳಿಸಿದರು. ಆ ಮನೆಯವರು ಆಕೆಗೆ ಒಂದು ಮಾತೂ ಹೇಳಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಏಳು ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಅಂತಿದೆ. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದ್ದಾರೆ. ಒಳ್ಳೆಯದೇ. ಆದರೆ ಅವರು ಬರುವಷ್ಟರಲ್ಲಿ ಎಲ್ಲ ಒರೆಸಿಟ್ಟರೆ ಅವರಾದರೂ ಏನು ಮಾಡಬೇಕು?

ಹಾಗಾಗಿ, ನಿಮ್ಮನೇಲಿ ಹಾಗೇನಾದರೂ ಆದರೆ ಹೊರಗೆ ಬಂದು ಬಾಗಿಲು ಹಾಗೇ ಬಿಟ್ಟು 112ಕ್ಕೆ ಫೋನ್ ಮಾಡಿ. ಎಷ್ಟು ಹೋಯಿತು ಅಂತ ಆಮೇಲೆ ಎಣಿಸಬಹುದು. ಬೆರಳಚ್ಚು ಕೇಳಿದರೆ ಮೊದಲು ನಿಮ್ಮದು ಕೊಡಿ. ನಿಜವಾಗಲೂ ಯಾರ ಮೇಲಾದರೂ ಸಂಶಯ ಇದ್ದರೆ ತನಿಖಾಧಿಕಾರಿಯ ಹತ್ತಿರ ಮಾತ್ರ ಹೇಳಿ, ಗೇಟಿನ ಹತ್ತಿರ ನಿಂತು ಹೇಳಬೇಡಿ. ಆಕೆ ನಾಳೆ ಬೆಳಗ್ಗೆ ಅದೇ ಬೀದಿಯ ಬೇರೆ ಮನೆಗಳಿಗೂ ಕೆಲಸಕ್ಕೆ ಹೋಗಬೇಕು.