ಬರ್ಲಿನ್‌ನ ಕಿಟಾದಲ್ಲಿ ಅಪ್ಪ ಅಮ್ಮನಿಗೂ ಜಾಗವಿದೆ

ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುಪಾಲನೆಯ ಸೌಲಭ್ಯ ಪಡೆಯುವ ಹಕ್ಕನ್ನು 2013ರ ಆಗಸ್ಟ್‌ನಿಂದ ಕಾನೂನೇ ಕೊಟ್ಟಿದೆ. ಬರ್ಲಿನ್ ನಗರದಲ್ಲಂತೂ 2018ರಿಂದ ಪಾಲನೆಗೆ ಶುಲ್ಕವಿಲ್ಲ. ಮಧ್ಯಾಹ್ನದ ಊಟಕ್ಕೆ ತಿಂಗಳಿಗೆ 23 ಯೂರೊ ಕೊಟ್ಟರಾಯಿತು. ಊರಿನಿಂದ ಫೋನ್ ಮಾಡುವ ಬಂಧುಗಳು ಹೆಚ್ಚಾಗಿ ವಿಚಾರಿಸುವುದು ಈ ಶುಲ್ಕದ ಸಂಗತಿಯನ್ನೇ. ಆದರೆ ಇಲ್ಲಿ ಎಲ್ಲರೂ ‘ಕಿಟಾ’ ಎಂದು ಕರೆಯುವ ಈ ಶಿಶುಪಾಲನಾ ಕೇಂದ್ರಗಳಲ್ಲಿ ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು, ಮಗುವಿನ ಜೊತೆಗೆ ಮನೆಯವರನ್ನೂ ಒಳಗೆ ಕರೆದುಕೊಳ್ಳುವ ರೀತಿ.

ಇದು ಮೊದಲ ದಿನದಿಂದಲೇ ಶುರುವಾಗುತ್ತದೆ. 1980ರ ದಶಕದಲ್ಲಿ ಇದೇ ನಗರದಲ್ಲಿ ರೂಪುಗೊಂಡು ‘ಬರ್ಲಿನ್ ಮಾದರಿ’ ಎಂದೇ ಹೆಸರಾದ ಕ್ರಮದ ಪ್ರಕಾರ, ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನೊಡನೆ ಅದೇ ಕೋಣೆಯಲ್ಲಿ ಸುಮಾರು ಒಂದು ಗಂಟೆ ಕೂತು, ಇಬ್ಬರೂ ಒಟ್ಟಿಗೇ ಮನೆಗೆ ಮರಳುತ್ತಾರೆ. ನಾಲ್ಕನೆಯ ದಿನ ಹೆತ್ತವರು ಮಗುವಿಗೆ ಹೇಳಿಯೇ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾರೆ. ಆ ದಿನ ಸೋಮವಾರವಾಗಿದ್ದರೆ, ಎರಡು ದಿನದ ರಜೆ ಕಳೆದು ಬಂದ ಮಗುವಿಗೆ ಕಷ್ಟವಾದೀತೆಂದು ಮಂಗಳವಾರಕ್ಕೆ ಮುಂದೂಡುತ್ತಾರೆ. ಮಗು ಅತ್ತಾಗ ಶಿಕ್ಷಕಿಯ ಕೈಯಲ್ಲಿ ಸಮಾಧಾನವಾಗದಿದ್ದರೆ ಎರಡು ಮೂರು ನಿಮಿಷಗಳಲ್ಲೇ ಹೆತ್ತವರನ್ನು ಒಳಗೆ ಕರೆಯುತ್ತಾರೆ. ಆಗ ಹೊಂದಿಕೆಯ ಅವಧಿ ವಾರಗಟ್ಟಲೆ ಮುಂದುವರಿಯಬಹುದು. ನನ್ನ ಮಗಳ ವಿಷಯದಲ್ಲೂ ಹಾಗೆಯೇ ಆಯಿತು. ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದ ನಾನು, ಅವಳು ಮರದ ದಿಮ್ಮಿಗಳನ್ನು ಜೋಡಿಸುತ್ತ ಪ್ರತಿಯೊಂದಕ್ಕೂ ಒಮ್ಮೆ ನನ್ನ ಕಡೆಗೆ ತಿರುಗಿ ನೋಡುತ್ತಿದ್ದುದನ್ನೂ, ದಿನ ಕಳೆದಂತೆ ಆ ನೋಟ ಶಿಕ್ಷಕಿಯ ಕಡೆಗೆ ಹೊರಳಿದ್ದನ್ನೂ ಕಣ್ಣಾರೆ ಕಂಡೆ. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಹೀಗೆ ಕೂತು ನೋಡಿದ್ದರಿಂದಲೇ.

ಆ ದಿನಗಳಲ್ಲಿ ಶಿಕ್ಷಕಿ ನನ್ನನ್ನು ಬಹಳ ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾವ ಭಾಷೆ, ಮಲಗಿಸುವುದು ಹೇಗೆ, ಅತ್ತಾಗ ಏನು ಮಾಡುತ್ತೀರಿ, ಕೈಯಿಂದ ಊಟ ಮಾಡುತ್ತಾಳೆಯೇ, ಎಲ್ಲವನ್ನೂ ವಿಚಾರಿಸಿ, ನೀರು, ಹಸಿವು, ನಿದ್ದೆ, ನೋವು ಎಂಬ ಕನ್ನಡದ ಮಾತುಗಳನ್ನು ಜರ್ಮನ್ ಅಕ್ಷರಗಳಲ್ಲಿ ಬರೆದು ಬಟ್ಟೆ ಬದಲಿಸುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡರು. ಮುಂದಿನ ವರ್ಷ ಹಾಸನದಿಂದ ಬಂದಿದ್ದ ನಮ್ಮತ್ತೆ ಕಿಟಾದಲ್ಲಿ ಅಜ್ಜ ಅಜ್ಜಿಯರಿಗಾಗಿ ನಡೆದ ಮಧ್ಯಾಹ್ನದ ಕೂಟಕ್ಕೆ ಹೋಗಿ, ಮಕ್ಕಳ ಬೆರಳು ಮಡಚಿ ಹಾಡುವ ಆಟ ಆಡಿಸಿದರು. ಅತ್ತೆಗೆ ಜರ್ಮನ್ ಬಾರದ್ದು ಮಕ್ಕಳಿಗೆ ತೊಡಕೆನಿಸಲಿಲ್ಲ.

ಭಾಷೆ ತೊಡಕಾಗುವುದು ದೊಡ್ಡವರ ಸಭೆಯಲ್ಲಿ. ಸಂಜೆ ನಡೆಯುವ ಪೋಷಕರ ಸಭೆಯಲ್ಲಿ ಪ್ರತಿ ಗುಂಪಿಗೂ ಪ್ರತಿನಿಧಿಗಳನ್ನು ಆರಿಸುತ್ತಾರೆ, ಊಟ, ರಜೆ, ಪ್ರವಾಸಗಳನ್ನು ಚರ್ಚಿಸುತ್ತಾರೆ; ಆದರೆ ಮಾತೆಲ್ಲ ಜರ್ಮನ್ ಚೆನ್ನಾಗಿ ಬಲ್ಲವರದ್ದೇ ಆಗಿಬಿಡುತ್ತದೆ, ಸಿರಿಯಾದಿಂದಲೋ ವಿಯೆಟ್ನಾಮಿನಿಂದಲೋ ಬಂದ ತಾಯಂದಿರು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಸಭೆಗೆ ದುಭಾಷಿಯನ್ನು ಕರೆಸುವುದು ಮತ್ತು ಆ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡುವುದು ಕೇಂದ್ರದ ಕರ್ತವ್ಯವೇ ಆಗಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಇನ್ನು 1960ರ ದಶಕದ ಕೊನೆಯಲ್ಲಿ ಪಶ್ಚಿಮ ಬರ್ಲಿನ್‌ನ ಖಾಲಿ ಅಂಗಡಿಗಳಲ್ಲಿ ಹೆತ್ತವರೇ ಹುಟ್ಟುಹಾಕಿದ ಶಿಶುವಿಹಾರಗಳ ಪರಂಪರೆಯೂ ಇಲ್ಲಿ ಉಳಿದಿದೆ. ಅಂಥ ಕಡೆ ಲೆಕ್ಕಪತ್ರ, ಅಡುಗೆ, ಶುಚಿತ್ವಗಳಲ್ಲಿ ಅಪ್ಪ ಅಮ್ಮಂದಿರಿಗೆ ಸರದಿ ಇರುತ್ತದೆ. ದುಡಿಯುವವರಿಗೆ ಅದು ಹೊರೆಯೇ ಸರಿ.

ನಮ್ಮಲ್ಲಿ ಇದಕ್ಕೆ ನೆಲೆಯೇ ಇಲ್ಲವೆಂದಲ್ಲ. 1975ರಲ್ಲಿ ಟಿ. ನರಸೀಪುರದಲ್ಲಿ ಆರಂಭಗೊಂಡು ರಾಜ್ಯದ ಉದ್ದಗಲಕ್ಕೂ ಹಬ್ಬಿದ ಅಂಗನವಾಡಿಗಳಿಗೆ ತಾಯಂದಿರನ್ನೊಳಗೊಂಡ ಬಾಲವಿಕಾಸ ಸಮಿತಿಗಳಿವೆ. ಮಗುವನ್ನು ಗೇಟಿನಲ್ಲೇ ಕಸಿದುಕೊಂಡು, ‘ಅತ್ತರೆ ಎರಡು ದಿನಕ್ಕೆ ಸರಿಹೋಗುತ್ತೆ, ನೀವು ಹೋಗಿ’ ಎಂದು ಅಮ್ಮನನ್ನು ಕಳಿಸಿಬಿಡುವ ರೂಢಿ ಹೆಚ್ಚಾಗಿರುವುದು ಪಟ್ಟಣದ ಖಾಸಗಿ ನರ್ಸರಿಗಳಲ್ಲಿ. ಬರುವ ಜೂನ್‌ನಲ್ಲಿ ಮಗುವನ್ನು ಸೇರಿಸುವವರು ದಯವಿಟ್ಟು ಶುಲ್ಕ ಕಟ್ಟುವ ಮೊದಲೇ, ಮೊದಲ ವಾರ ತರಗತಿಯೊಳಗೆ ಕೂರಲು ಬಿಡುತ್ತೀರಾ ಎಂದು ಕೇಳಿ. ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಇನ್ನೂ ಒಳ್ಳೆಯದು.