ಜಪಾನೀಸ್ ಕಲಿಯುವ ಹುಮ್ಮಸ್ಸು ಮೂರನೇ ತಿಂಗಳಿಗೆ ಯಾಕೆ ಬತ್ತುತ್ತೆ?

ಮೈಸೂರು, ಮಂಡ್ಯ ಕಡೆ ಜಪಾನೀಸ್ ಕಲಿಯುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಶುರುವಲ್ಲಿ ಎಷ್ಟು ಹುಮ್ಮಸ್ಸಿತ್ತು, ಈಗ ಪುಸ್ತಕ ತೆಗೆಯೋಕೇ ಮನಸ್ಸಾಗಲ್ಲ. ಏನ್ ಮಾಡೋದು?" ಬಿಡದಿಯ ಟೊಯೊಟಾ ಕಾರ್ಖಾನೆಯ ಮೇಲೆ ಕಣ್ಣಿಟ್ಟ ಡಿಪ್ಲೊಮಾ ಹುಡುಗರೂ ಕೇಳ್ತಾರೆ, ಅನಿಮೆ (ಜಪಾನಿನ ಕಾರ್ಟೂನ್) ನೋಡಿ ಸೇರಿದವರೂ ಕೇಳ್ತಾರೆ.

ಹುಮ್ಮಸ್ಸಿನ ಹಿಂದೆ ಬೀಳಬೇಡಿ. ಅದು ಯಾವ ತೂತಿನಿಂದ ಸೋರುತ್ತಿದೆ ಅಂತ ಹುಡುಕಿ. ನಮ್ಮ ಕಡೆಯವರ ಮಟ್ಟಿಗೆ ದೊಡ್ಡ ತೂತು ಒಂದೇ: ಕನ್ನಡ ಬಾಯಲ್ಲಿಟ್ಟುಕೊಂಡು ಜಪಾನೀಸನ್ನು ಇಂಗ್ಲಿಷಿನ ಮೂಲಕ ಕಲಿಯುವುದು.

ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ಜಪಾನೀಸಿಗೆ 2,200 ತರಗತಿ ಗಂಟೆ ಬೇಕು ಅನ್ನುತ್ತದೆ. ದಿನಕ್ಕೆ ಅರ್ಧ ಗಂಟೆ ಓದುವವರು ಇದನ್ನು ಲೆಕ್ಕ ಹಾಕಿದರೆ ಹನ್ನೆರಡು ವರ್ಷ ಬರುತ್ತೆ, ಅಲ್ಲಿಗೆ ಪುಸ್ತಕ ಅಟ್ಟ ಸೇರುತ್ತೆ. ಆದರೆ ಆ ಲೆಕ್ಕ ಇಂಗ್ಲಿಷ್ ಮಾತಾಡುವವರದ್ದು. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು, ಪ್ರತ್ಯಯ ನಾಮಪದದ ಕೊನೆಗೆ ಅಂಟುವುದು ಅವರಿಗೆ ಹೊಸದು. ನಮಗೆ ಅದು ಅಂಗಳದಲ್ಲಿ ಆಡಿದ ಮಾತು.

ಪಠ್ಯಪುಸ್ತಕದಲ್ಲಿ ಕ್ರಿಯಾಪದದ 'ತೆ' ರೂಪದ ಅಧ್ಯಾಯ ಬಂದಾಗ ಅರ್ಧ ಕ್ಲಾಸು ಖಾಲಿಯಾಗುತ್ತೆ. ಅದನ್ನೇ ಕನ್ನಡದಲ್ಲಿ ಇಟ್ಟು ನೋಡಿ. 'ತಬೆತೆ' ಅಂದರೆ ತಿಂದು, ಶಾಲೆಯಲ್ಲಿ ಕೃದಂತಾವ್ಯಯ ಅಂತ ಓದಿದ್ದು. 'ಮಿರು' ಅಂದರೆ ನೋಡು. 'ತಬೆತೆ ಮಿರು' ಅಂದರೆ ತಿಂದು ನೋಡು, ಅಕ್ಷರಕ್ಕೆ ಅಕ್ಷರ. 'ಕಇತೆ ಒಕು': ಬರೆದಿಡು; 'ಒಕು' ಅಂದರೆ ಇಡು. 'ತಬೆತೆ ಶಿಮತ್ತ': ತಿಂದುಬಿಟ್ಟ. 'ಮೊತ್ತೆ ಕುರು': ತಗೊಂಡು ಬಾ. ಯಾರೋ ಹೇಳಿದ್ದನ್ನು ಒಪ್ಪಿಸುವಾಗ ನಾವು 'ಅಂತ' ಹಾಕುವ ಜಾಗದಲ್ಲೇ ಅವರು 'ತೊ' ಹಾಕುತ್ತಾರೆ. ಇಂಗ್ಲಿಷ್ ವಿವರಣೆಯಲ್ಲಿ ಇವೆಲ್ಲ ಬೇರೆಬೇರೆ ನಿಯಮಗಳಾಗಿ ಬರುತ್ತವೆ, ಒಂದೊಂದನ್ನೂ ಉರು ಹೊಡೆಯಬೇಕು. ನೋಟ್‌ಬುಕ್ಕಿನ ಬಲಗಡೆಯ ಪುಟವನ್ನು ಕನ್ನಡಕ್ಕೆ ಮೀಸಲಿಡಿ, ಇಂಗ್ಲಿಷ್ ಅರ್ಥ ಬರೆಯಲೇಬೇಡಿ. 'ಕಕು' (ಬರೆ) ಹೋಗಿ 'ಕಇತೆ', 'ನೊಮು' (ಕುಡಿ) ಹೋಗಿ 'ನೊಂದೆ' ಆಗುವುದನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ತಿನ್ನು ಹೋಗಿ ತಿಂದು, ಬೀಳು ಹೋಗಿ ಬಿದ್ದು ಆಗುವಂಥದ್ದೇ ಅದೂ.

ಉಚ್ಚಾರಣೆಯೂ ಹಾಗೇ. 'ಒಬಸನ್' ಅಂದರೆ ಚಿಕ್ಕಮ್ಮ, ಅತ್ತೆ. 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆ ಚೀಟಿ (ನಾವು ಹೂವು ಕಿತ್ತರೆ ಅವರು ಕಾಗದಕ್ಕೆ ಅಂಟಿಸುತ್ತಾರೆ). ದೀರ್ಘ, ಒತ್ತಕ್ಷರ ಎರಡೂ ಇರುವ ನಮ್ಮ ಲಿಪಿಯಲ್ಲಿ ಮೊದಲ ಎರಡು ವಾರ ಬರೆದುಕೊಳ್ಳಿ, ಆಮೇಲೆ ಬಿಟ್ಟುಬಿಡಿ. ಹಿರಗನ ಅನ್ನುವ ಅವರ ಮೂಲ ಲಿಪಿಯ 46 ಅಕ್ಷರಗಳಿಗೆ ಅಷ್ಟು ದಿನ ಸಾಕು. ಅದರ ಅನುಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧರ ಜೊತೆ ಹೋದ ನಮ್ಮ ವರ್ಣಮಾಲೆಯ ಕ್ರಮವೇ ಅದು. 'ಪ' ಇರಬೇಕಾದ ಕಡೆ 'ಹ' ಯಾಕೆ ಅಂದರೆ, ಹಳಗನ್ನಡದ ಪಾಲು ಹಾಲಾದ ಹಾಗೆ ಅಲ್ಲೂ ಪಕಾರ ಸವೆದು ಹಕಾರವಾಗಿದೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. 'ಮೈಸೂರಲ್ಲಿ ಇದ್ದೀನಿ', 'ಮೈಸೂರಲ್ಲಿ ಕೆಲಸ ಮಾಡ್ತೀನಿ', ಎರಡಕ್ಕೂ ನಮ್ಮಲ್ಲಿ 'ಅಲ್ಲಿ' ಒಂದೇ. ಅವರಲ್ಲಿ ಇರುವುದಕ್ಕೆ 'ನಿ', ಕೆಲಸ ನಡೆಯುವುದಕ್ಕೆ 'ದೆ'. 'ನನಗೆ ಕಾಫಿ ಇಷ್ಟ' ಅನ್ನೋದನ್ನು ಹಾಗೇ ಎತ್ತಿಟ್ಟು 'ವತಶಿ ನಿ' ಅಂದರೆ ತಪ್ಪು ('ವತಶಿ' ಅಂದರೆ ನಾನು). ಅಲ್ಲಿ 'ವತಶಿ ವ ಕೋಹೀ ಗ ಸುಕಿ ದೆಸು'. ಹಸು ನಮ್ಮಲ್ಲಿ 'ಇದೆ', ಮೇಜೂ 'ಇದೆ'. ಅವರಲ್ಲಿ ಜೀವ ಇರುವ ಹಸುವಿಗೆ 'ಇಮಸು', ಮೇಜಿಗೆ 'ಅರಿಮಸು'. ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಪುಸ್ತಕದ ರಟ್ಟಿಗೆ ಅಂಟಿಸಿಕೊಂಡರೆ ತಿಂಗಳುಗಟ್ಟಲೆ ತಿದ್ದಿಸಿಕೊಳ್ಳುವ ಬೇಸರ ತಪ್ಪುತ್ತೆ.

ಕಂಜಿಯ (ಚೀನಾದಿಂದ ಬಂದ ಬರಹದ ಚಿಹ್ನೆಗಳ) ವಿಷಯದಲ್ಲಿ ಮಾತ್ರ ಅಡ್ಡದಾರಿ ಇಲ್ಲ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2,136 ಇವೆ. ಒಂದೇ ಚಿಹ್ನೆಗೆ ಎರಡು ಮೂರು ಓದು ಅಂತ ಜನ ಗಾಬರಿಯಾಗುತ್ತಾರೆ. ಒಂಟಿಯಾಗಿದ್ದಾಗ ನೀರು, ಸಮಾಸದಲ್ಲಿ ಜಲ (ಜಲಾಶಯ, ಜಲಪಾತ) ಅಂತ ನಾವು ಯೋಚಿಸದೆಯೇ ಬದಲಾಯಿಸುತ್ತೇವಲ್ಲ, ಅಂಥದ್ದೇ ಅದು: ನೀರಿನ ಚಿಹ್ನೆ ಒಂಟಿಯಾದರೆ 'ಮಿಝು', ಚೀನಾದಿಂದ ಬಂದ ಸಮಾಸಗಳಲ್ಲಿ 'ಸುಇ'. ಆದ್ದರಿಂದ ಓದುಗಳ ಪಟ್ಟಿ ಉರು ಹೊಡೆಯಬೇಡಿ, ಪದದ ಜೊತೆಗೇ ಕಲಿಯಿರಿ. ದಿನಕ್ಕೆ ಮೂರು ಸಾಕು.

ಎರಡನೇ ತೂತು, ಬಾಕಿ. ಪದಗಳನ್ನು ಕಾರ್ಡಿನ ಹಾಗೆ ಮತ್ತೆ ಮತ್ತೆ ತೋರಿಸುವ 'ಅಂಕಿ' (Anki) ಅನ್ನುವ ಆ್ಯಪಿನಲ್ಲಿ ದಿನಕ್ಕೆ 20 ಹೊಸ ಪದ ಅಂತ ಮೊದಲೇ ಇಟ್ಟಿರುತ್ತದೆ. ಮೊದಲ ವಾರ ಹಬ್ಬ. ಆದರೆ ಪ್ರತಿ ಹೊಸ ಪದವೂ ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಮತ್ತೆ ಬಾಗಿಲು ತಟ್ಟುತ್ತೆ. ತಿಂಗಳೊಳಗೆ ದಿನದ ಪುನರಾವರ್ತನೆ ನೂರು ದಾಟುತ್ತೆ. ದಸರಾಕ್ಕೆ ನೆಂಟರು ಬಂದು ಹತ್ತು ದಿನ ಬಿಟ್ಟರೆ ಸಾಲದ ಬಡ್ಡಿ ಥರ ಬೆಳೆದು ಕೂತಿರುತ್ತೆ. ಜನ ಓಡಿಹೋಗುವುದು ಜಪಾನೀಸಿಗೆ ಹೆದರಿ ಅಲ್ಲ, ಆ ಬಾಕಿಯ ಸಂಖ್ಯೆಗೆ ಹೆದರಿ. 20 ಅನ್ನು ಮೊದಲ ದಿನವೇ 5ಕ್ಕೆ ಇಳಿಸಿ.

ಕೇಳುವ ಅಭ್ಯಾಸಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಒಂದು ಸುತ್ತು, ಇಲ್ಲವೇ ಮಂಡ್ಯದಿಂದ ಬರುವ ರೈಲು. ಒಂದೇ ನಿಮಿಷದ ಸಂಭಾಷಣೆ ಆರಿಸಿ ಐದು ಸಲ ಕೇಳಿ, ಕೊನೆಯ ಎರಡು ಸಲ ಜೊತೆಜೊತೆಗೇ ಹೇಳಿ. ಪಕ್ಕದವರು ತಿರುಗಿ ನೋಡಿದರೆ ನೋಡಲಿ. ಬಾಯಿಬಿಟ್ಟು ಹೇಳಲೇಬೇಕು, ಯಾಕೆಂದರೆ ಜೆಎಲ್‌ಪಿಟಿ ಅನ್ನುವ ಜಪಾನೀಸ್ ಪರೀಕ್ಷೆಯಲ್ಲಿ ಮಾತಿನ ವಿಭಾಗವೇ ಇಲ್ಲ. ಅದರ ಮೊದಲ ಹಂತವಾದ ಎನ್5ರಲ್ಲಿ 180ಕ್ಕೆ 80 ತೆಗೆದು ಪಾಸಾದವರು ಜಪಾನಿನವರು ಎದುರು ಬಂದಾಗ ಬಾಯಿ ಕಟ್ಟಿ ನಿಲ್ಲುತ್ತಾರೆ, ಅಲ್ಲಿಗೆ ಇದ್ದ ಧೈರ್ಯವೂ ಹೋಗುತ್ತೆ. ಇನ್ನೊಂದು ಎಚ್ಚರ: ಕೇಳುವ ಭಾಗದಲ್ಲೇ 60ಕ್ಕೆ 19 ಬರದಿದ್ದರೆ ಒಟ್ಟು ಅಂಕ ಎಷ್ಟಿದ್ದರೂ ಫೇಲು. ಪರೀಕ್ಷೆ ಜುಲೈ ಮತ್ತು ಡಿಸೆಂಬರಿನಲ್ಲಿ, ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ಡಿಸೆಂಬರಿನಲ್ಲಿ ಬರೆದವರು ಫಲಿತಾಂಶ ಬರಲಿ ಅಂತ ಕೂತರೆ ಜನವರಿ ಪೂರ್ತಿ ಹೋಯಿತು.

ಈಗಾಗಲೇ ಬಿಟ್ಟು ಕೂತಿದ್ದೀರಾ? ಹಳೇ ಪಾಠ ಮೊದಲಿಂದ ತೆಗೆಯಬೇಡಿ, ಒಂದನೇ ಅಧ್ಯಾಯವನ್ನು ನಾಲ್ಕು ಸಲ ಓದಿದವರು ಊರ ತುಂಬ ಇದ್ದಾರೆ. ಹೊಸ ಪದ ಸೊನ್ನೆ ಮಾಡಿ, ದಿನದ ಪುನರಾವರ್ತನೆಗೆ 50ರ ಮಿತಿ ಹಾಕಿ. ಅದು ಸುಮಾರು ಹತ್ತು ನಿಮಿಷದ ಕೆಲಸ, ಒಲೆ ಮೇಲೆ ಅನ್ನ ಆಗುವಷ್ಟರಲ್ಲಿ ಮುಗಿಯುತ್ತೆ. 600 ಬಾಕಿ ಇದ್ದರೂ ಎರಡು ಮೂರು ವಾರದಲ್ಲಿ ಕರಗುತ್ತೆ. ಆಮೇಲೆ ಹೊಸ ಪದ ಮತ್ತೆ 5.