ಒಡೆಯಬೇಕಾ, ದಂಡ ಹಾಕಬೇಕಾ ಅಂತ ಕೇಳುವವರಿಗೆ

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಲಾಡ್ಜು, ಹೋಟೆಲಿನವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ. ಅದರಲ್ಲಿ ಹೊಟ್ಟೆ ತುಂಬದ ದಿನಗಳಿಗೆ ಅಂತ ಜೆರಾಕ್ಸು, ಲ್ಯಾಮಿನೇಶನ್ನೂ ಉಂಟು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಎಲ್ಲಾ ಕಂಪನಿಗಳ ಒಳಗುಟ್ಟು ಗೊತ್ತು ಅಂತ ಜನ ನಂಬಿದ್ದಾರೆ. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲೂ ಅದೇ ಪ್ರಶ್ನೆ: "ಈ ಗೂಗಲ್, ಫೇಸ್‌ಬುಕ್, ಅಮೆಜಾನ್ ಎಲ್ಲ ನಮ್ಮ ತಲೆ ಮೇಲೆ ಬಂದು ಕೂತಿವೆ. ಸರ್ಕಾರ ಇವನ್ನು ಒಡೆದು ಹಾಕಬೇಕಲ್ವಾ? ದಂಡವಾದರೂ ಸರಿಯಾಗಿ ಜಡಿಯಬೇಕಲ್ವಾ?"

ಪಾಯಸ ಬರುವುದರೊಳಗೆ ಹೇಳಿ ಮುಗಿಯುವ ಉತ್ತರ ಅಲ್ಲ ಅದು. ಆದರೂ ಚುಟುಕಾಗಿ ಹೇಳುವುದಾದರೆ: ಶಿಕ್ಷೆ ಬೇಕೇ ಬೇಕು. ಆದರೆ ದಂಡ ಅವರಿಗೆ ತಾಗುವುದಿಲ್ಲ, ಒಡೆಯುವ ಕೆಲಸ ಬೇಗ ಮುಗಿಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಬೀಗ ತೆಗೆಸಬೇಕು. ಯಾವ ಬೀಗ ಅನ್ನುವುದಕ್ಕೆ ಒಂದು ಕತೆ ಹೇಳಬೇಕಾಗುತ್ತದೆ.

ನನ್ನ ಗಿರಾಕಿಯೊಬ್ಬರಿಗೆ ಹನ್ನೊಂದು ರೂಮಿನ ಲಾಡ್ಜು ಉಂಟು, ಮಠಕ್ಕೆ ನಡೆದು ಹೋಗುವಷ್ಟು ಹತ್ತಿರ. ರೂಮು ಬುಕ್ ಮಾಡುವ ಒಂದು ದೊಡ್ಡ ಆ್ಯಪ್‌ನಲ್ಲಿ (ಹೆಸರು ಬೇಡ) ಆರು ವರ್ಷದಿಂದ ಇದ್ದಾರೆ. ಕಮಿಷನ್ ಜಾಸ್ತಿ ಆಯಿತು ಅಂತ ಅವರು ಒಂದು ಉಪಾಯ ಮಾಡಿದರು. ನೇರ ಫೋನ್ ಮಾಡಿ ಬುಕ್ ಮಾಡಿದವರಿಗೆ ನೂರು ರೂಪಾಯಿ ಕಡಿಮೆ. ಆ ಸಾಲನ್ನು ಅವರ ವೆಬ್‌ಸೈಟಿಗೆ ಹಾಕಿದವಳು ನಾನೇ. ಎರಡು ವಾರ ಕಳೆಯುವುದರೊಳಗೆ ಆ್ಯಪ್‌ನ ಮೊದಲ ಪುಟದಲ್ಲಿದ್ದ ಲಾಡ್ಜು ಕಾಣೆಯಾಯಿತು. ಹುಡುಕುತ್ತಾ ಹೋದರೆ ಎಲ್ಲೋ ತಳದಲ್ಲಿ ಸಿಕ್ಕಿತು, ಬೈಂದೂರಿನ ಕಡೆಯ ಹೋಮ್‌ಸ್ಟೇಗಳಿಗಿಂತಲೂ ಕೆಳಗೆ. ದೂರು ಕೊಟ್ಟೆವು. "ನಿಮ್ಮ ಸಹಕಾರಕ್ಕೆ ಧನ್ಯವಾದ" ಅಂತ ಬಂತು. ಮತ್ತೆ ಕೊಟ್ಟೆವು. ಅದೇ ಧನ್ಯವಾದ.

ಅವರು ಅಂಗಡಿಗೆ ಬಂದು ಸ್ಟೂಲ್ ಎಳೆದು ಕೂತರು. "ರೂಮು ನಮ್ಮದು, ಬೆಡ್‌ಶೀಟ್ ಒಗೆಯುವುದು ನಾವು, ರಾತ್ರಿ ಎರಡು ಗಂಟೆಗೆ ಗೇಟು ತೆಗೆಯುವುದು ನಾನು. ಇವರಿಗೆ ಎಂತ ಉಂಟು ಇದರಲ್ಲಿ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರ ಆಫೀಸು ಎಲ್ಲಿ ಉಂಟು? ನಾನೇ ಹೋಗಿ ಮಾತಾಡಿ ಬರ್ತೇನೆ" ಅಂದರು. ಕರೆಂಟ್ ಬಿಲ್ ತಪ್ಪಿದರೆ ಆಫೀಸಿಗೆ ಹೋಗಿ ಜಗಳ ಆಡಬಹುದು. ಇಲ್ಲಿ ಜಗಳ ಆಡುವುದಕ್ಕೂ ಒಂದು ಮೇಜು ಇಲ್ಲ ಮಾರಾಯ್ರೆ.

ಬಿಟ್ಟು ಬೇರೆ ಆ್ಯಪ್‌ಗೆ ಹೋಗಿ ಅಂತ ನಾನೂ ಹೇಳಿದೆ. ಹೋಗಬಹುದಿತ್ತು. ಆದರೆ ಆರು ವರ್ಷದಲ್ಲಿ ಬಂದ ನಾನೂರಕ್ಕೂ ಜಾಸ್ತಿ ರಿವ್ಯೂ ಅಲ್ಲೇ ಉಳಿಯುತ್ತವೆ. ಹೊಸ ಕಡೆ ಹೋದರೆ ಸೊನ್ನೆಯಿಂದ ಶುರು. ನಾನು ಬೀಗ ಅಂದದ್ದು ಇದನ್ನೇ.

ಈಗ ದಂಡದ ವಿಷಯಕ್ಕೆ ಬರುತ್ತೇನೆ. 2022ರ ಅಕ್ಟೋಬರಿನಲ್ಲಿ ನಮ್ಮ ಸ್ಪರ್ಧಾ ಆಯೋಗ (ದೊಡ್ಡ ಕಂಪನಿಗಳು ಉಳಿದವರನ್ನು ತುಳಿಯದ ಹಾಗೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಆಂಡ್ರಾಯ್ಡ್ ಕೇಸಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಪ್ಲೇ ಸ್ಟೋರ್ ಬೇಕಾದರೆ ನಮ್ಮ ಆ್ಯಪ್‌ಗಳ ಇಡೀ ಕಟ್ಟನ್ನು ಫೋನಿನಲ್ಲಿ ಹಾಕಿಯೇ ಮಾರಬೇಕು ಅಂತ ಫೋನ್ ಕಂಪನಿಗಳ ಮೇಲೆ ಹೇರಿದ್ದು ತಪ್ಪು ಅಂತ. ಪೇಪರಿನಲ್ಲಿ ದೊಡ್ಡದಾಗಿ ಬಂತು. ನಾನು ಕ್ಯಾಲ್ಕುಲೇಟರ್ ತೆಗೆದೆ. ಗೂಗಲ್‌ನ ಮೂಲ ಕಂಪನಿ ಆಲ್ಫಾಬೆಟ್‌ನ ಆ ವರ್ಷದ ಆದಾಯ ಸುಮಾರು 28,280 ಕೋಟಿ ಡಾಲರ್. ಗಂಟೆಗೆ ಭಾಗಿಸಿದರೆ ಈ ದಂಡ ಸರಿಸುಮಾರು ಐದು ಗಂಟೆಯ ವ್ಯಾಪಾರ. ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ಮಲಗಿದರೆ, ಹಾಸನ ದಾಟುವಷ್ಟರಲ್ಲಿ ದಂಡದಷ್ಟು ದುಡ್ಡು ವಾಪಸ್ ಬಂದಾಗಿದೆ. ನಮ್ಮ ಲಾಡ್ಜಿನವರಿಗೆ ಐದು ಗಂಟೆಯ ವ್ಯಾಪಾರ ಹೋದರೆ ಹೆಚ್ಚೆಂದರೆ ಎರಡು ಮೂರು ರೂಮಿನ ಒಂದು ದಿನದ ಬಾಡಿಗೆ ಹೋದೀತು, ಅಷ್ಟೇ. (2023ರಲ್ಲಿ ಕಾನೂನು ತಿದ್ದಿ, ದಂಡವನ್ನು ಕಂಪನಿಯ ಇಡೀ ಪ್ರಪಂಚದ ವ್ಯಾಪಾರದ ಲೆಕ್ಕದಲ್ಲಿ ಹಾಕಬಹುದು ಅಂತ ಮಾಡಿದ್ದಾರೆ. ಒಳ್ಳೆಯದೇ.)

ಆದರೆ ಅದೇ ಆದೇಶದಲ್ಲಿ ದಂಡದ ಜೊತೆ ಒಂದಷ್ಟು ಷರತ್ತುಗಳೂ ಇದ್ದವು. ಗೂಗಲ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ತಡೆ ಸಿಗಲಿಲ್ಲ. 2023ರ ಜನವರಿಯಲ್ಲಿ, ಇನ್ನು ಭಾರತದಲ್ಲಿ ಫೋನ್ ಕಂಪನಿಗಳು ಬೇಕಾದ ಆ್ಯಪ್ ಮಾತ್ರ ಆರಿಸಿಕೊಳ್ಳಬಹುದು, ಯಾವ ಸರ್ಚ್ ಬೇಕು ಅಂತ ಗ್ರಾಹಕರೇ ಹೇಳಬಹುದು ಅಂತ ಒಪ್ಪಿಕೊಂಡಿತು. ಆಮೇಲೆ ಮೇಲ್ಮನವಿಯಲ್ಲಿ ನಾಲ್ಕು ಷರತ್ತು ಬಿದ್ದುಹೋದವು, ದಂಡ ಮಾತ್ರ ಪೂರ್ತಿ ಉಳಿಯಿತು. ನನಗೆ ಇದು ತಲೆಕೆಳಗಾಗಿ ಕಾಣಿಸಿತು. ದಂಡ ಬೇಕಾದರೆ ಬಿಡಿ ಸ್ವಾಮಿ, ಷರತ್ತು ಬಿಡಬೇಡಿ.

ಹಾಗಾದರೆ ಒಡೆದರೆ? ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ ಪೆಟ್ರೋಲಿಯಂ ಕಂಪನಿ ಸ್ಟ್ಯಾಂಡರ್ಡ್ ಆಯಿಲ್. 1911ರಲ್ಲಿ ಅದನ್ನು 34 ತುಂಡು ಮಾಡಿದರು. ಅದನ್ನು ಕಟ್ಟಿದ, ಎಲ್ಲಾ ತುಂಡಿನಲ್ಲೂ ಪಾಲಿದ್ದ ರಾಕ್‌ಫೆಲ್ಲರ್ ಇನ್ನೂ ಶ್ರೀಮಂತನಾದ. ಆ ತುಂಡುಗಳಿಂದಲೇ ಬೆಳೆದ ಎಕ್ಸಾನ್ ಮತ್ತು ಮೊಬಿಲ್ 1999ರಲ್ಲಿ ಮತ್ತೆ ಒಂದಾದವು. ಟೆಲಿಫೋನಿನ ಎಟಿ ಅಂಡ್ ಟಿ ಕಂಪನಿಯಿಂದ 1984ರಲ್ಲಿ ಏಳು ಪ್ರಾದೇಶಿಕ ಕಂಪನಿಗಳನ್ನು ಬೇರೆ ಮಾಡಿದರು. ದೂರದ ಕರೆಗಳ ದರ ಇಳಿಯಿತು, ಅದು ಸುಳ್ಳಲ್ಲ. ಆದರೆ 2005ರಲ್ಲಿ ಆ ಮರಿಗಳಲ್ಲಿ ಒಂದು ತಾಯಿಯನ್ನೇ ಖರೀದಿಸಿ, ತಾಯಿಯ ಹೆಸರನ್ನೇ ಇಟ್ಟುಕೊಂಡಿತು. ಮೈಕ್ರೋಸಾಫ್ಟನ್ನು ಎರಡು ಮಾಡಿ ಅಂತ 2000ದಲ್ಲಿ ಜಡ್ಜ್ ಹೇಳಿದರು, ಮರುವರ್ಷ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು.

ಇದರಲ್ಲಿ ನನಗೆ ಇಷ್ಟವಾದ ವರ್ಷ 1956. ಅದೇ ಎಟಿ ಅಂಡ್ ಟಿ ಮೇಲಿನ ಹಳೆ ಕೇಸೊಂದು ರಾಜಿಯಾದ ವರ್ಷ. ಆಗ ಕಂಪನಿಯನ್ನು ಒಡೆಯಲಿಲ್ಲ. ನಿಮ್ಮ ಹತ್ತಿರ ಇರುವ ಪೇಟೆಂಟುಗಳನ್ನು ಕೇಳಿದವರಿಗೆ ಬಳಸಲು ಬಿಡಿ, ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯಬೇಡಿ ಅಂದರು. ಟ್ರಾನ್ಸಿಸ್ಟರ್ (ಕರೆಂಟನ್ನು ಹಿಡಿದು ಬಿಡುವ ಪುಟ್ಟ ಸ್ವಿಚ್ಚು) ಹುಟ್ಟಿದ ಬೆಲ್ ಲ್ಯಾಬ್ಸ್ ಅವರದ್ದೇ. ನನ್ನ ಎದುರಿನ ಈ ಕಂಪ್ಯೂಟರ್ ಒಳಗೆ ಇರುವುದೂ ಅದರ ಮರಿಮಕ್ಕಳೇ. ಒಡೆದದ್ದಕ್ಕಿಂತ ತೆರೆದದ್ದರಿಂದ ಜಾಸ್ತಿ ಜನ ಬದುಕಿಕೊಂಡರು ಅಂತ ನನ್ನ ಲೆಕ್ಕ.

ಇನ್ನು ಫೇಸ್‌ಬುಕ್. 2012ರಲ್ಲಿ 100 ಕೋಟಿ ಡಾಲರ್ ಕೊಟ್ಟು ಇನ್‌ಸ್ಟಾಗ್ರಾಂ ತೆಗೆದುಕೊಂಡರು, 2014ರಲ್ಲಿ 1,900 ಕೋಟಿ ಡಾಲರಿಗೆ ವಾಟ್ಸಾಪ್. ಆಗ ಅಮೆರಿಕದ ಸರ್ಕಾರ ತಡೆಯಲಿಲ್ಲ. 2020ರಲ್ಲಿ ಕೇಸು ಹಾಕಿತು, 2025ರ ನವೆಂಬರಿನಲ್ಲಿ ಸೋತಿತು. ಮದುವೆಯಾಗಿ ಹದಿಮೂರು ವರ್ಷ ಕಳೆದು, ಮಕ್ಕಳು ಶಾಲೆಗೆ ಹೋಗುವಾಗ ಜಾತಕ ತೆಗೆದು ನೋಡಿದ ಹಾಗೆ. ಜಾತಕ ನೋಡುವುದಿದ್ದರೆ ಮೊದಲೇ ನೋಡಬೇಕು. ನಮ್ಮಲ್ಲಿ 2024ರ ಸೆಪ್ಟೆಂಬರಿನಿಂದ ಆ ಕ್ರಮ ಬಂದಿದೆ. 2,000 ಕೋಟಿ ರೂಪಾಯಿ ದಾಟಿದ ಖರೀದಿ ಆದರೆ, ಮಾರಾಟವಾಗುತ್ತಿರುವ ಕಂಪನಿಗೆ ಈಗ ಆದಾಯ ಕಡಿಮೆ ಇದ್ದರೂ, ಅದಕ್ಕೆ ಇಲ್ಲಿ ಗಟ್ಟಿ ವ್ಯವಹಾರ ಇದ್ದರೆ ಆಯೋಗದ ಒಪ್ಪಿಗೆ ಬೇಕು.

ಒಡೆಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಒಂದು ಕಡೆ ಒಡೆಯಬೇಕು. ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಮಂಗಳೂರು ಬಸ್ಸುಗಳ ಕಂಡಕ್ಟರುಗಳು ಒಂದೊಂದು ನಿಮಿಷಕ್ಕೆ ಜಗಳ ಆಡುತ್ತಾರೆ. "ನಿನ್ನ ಟೈಮ್ ಆಯ್ತು, ತೆಗಿ" ಅಂತ ಹಿಂದಿನವನು ಹಾರ್ನ್ ಹೊಡೆಯುತ್ತಾನೆ. ಕಿವಿಗೆ ಹಿಂಸೆ, ಆದರೂ ಬಸ್ಸು ಸಿಗದೆ ಯಾರೂ ಅಲ್ಲಿ ತುಂಬಾ ಹೊತ್ತು ನಿಲ್ಲುವುದಿಲ್ಲ. ಈಗ ಆ ಬಸ್ಸಿನ ಯಜಮಾನರಲ್ಲಿ ಒಬ್ಬ ಬಸ್‌ಸ್ಟ್ಯಾಂಡನ್ನೇ ಕೊಂಡುಕೊಂಡ ಅಂತ ಇಟ್ಟುಕೊಳ್ಳಿ. ಟೈಮ್ ಕೀಪರ್ ಅವನ ಸಂಬಳದವನು. ಯಾವ ಬಸ್ಸಿನಲ್ಲಿ ಎಷ್ಟು ಜನ ಹತ್ತಿದರು ಅಂತ ಅವನಿಗೆ ದಿನಾ ಲೆಕ್ಕ ಸಿಗುತ್ತದೆ. ಬೆಳಿಗ್ಗೆ ಎಂಟರ ಆಫೀಸ್ ಟೈಮು ಅವನ ಬಸ್ಸಿಗೆ. ನಿಮಗೂ ಟೈಮ್ ಕೊಡುತ್ತಾನೆ, ಇಲ್ಲ ಅನ್ನುವುದಿಲ್ಲ. ರಾತ್ರಿ ಹತ್ತೂವರೆಗೆ.

ಸರಕು ಮಾರುವ ಆ್ಯಪ್ ತನ್ನದೇ ಸರಕನ್ನು ಮೇಲೆ ತೋರಿಸುವುದು, ಆ್ಯಪ್ ಸ್ಟೋರ್ ಇಟ್ಟವರೇ ಅದರಲ್ಲಿ ಸ್ವಂತ ಆ್ಯಪ್ ಇಟ್ಟು ಉಳಿದವರಿಂದ ಪಾಲು ಕೀಳುವುದು, ಎಲ್ಲಾ ಇದೇ ಬಸ್‌ಸ್ಟ್ಯಾಂಡ್ ಕತೆ. ಯುರೋಪಿನವರು 2024ರ ಮಾರ್ಚಿನಿಂದ ತೀರಾ ದೊಡ್ಡ ಕಂಪನಿಗಳು ಹೀಗೆ ತಮ್ಮದನ್ನೇ ಮುಂದೆ ತಳ್ಳಬಾರದು ಅಂತ ನಿಯಮ ಜಾರಿ ಮಾಡಿದ್ದಾರೆ. ಅದೇ ತಿಂಗಳು ನಮ್ಮಲ್ಲೂ ಅಂಥದ್ದೇ ಒಂದು ಮಸೂದೆಯ ಕರಡು ಹೊರಬಂತು. ನಿಯಮ ಕೇಳದಿದ್ದರೆ ಬಸ್ಸು ಬೇರೆ, ಸ್ಟ್ಯಾಂಡು ಬೇರೆ ಅಂತ ಒಡೆಯಿರಿ. ಅಷ್ಟಕ್ಕೆ ನನ್ನ ಓಟು ಉಂಟು.

ಬೀಗ ತೆಗೆಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆ ಏನಲ್ಲ. 2011ರ ಜನವರಿಯಲ್ಲಿ ದೇಶಕ್ಕೆಲ್ಲ ಮೊಬೈಲ್ ನಂಬರ್ ಪೋರ್ಟ್ ಬಂತಲ್ಲ, ನಂಬರ್ ಅದೇ, ಕಂಪನಿ ಬೇರೆ. ಅದಕ್ಕೂ ಮೊದಲು ಹಳೆ ನಂಬರಿನ ಆಸೆಗೆ ಕೆಟ್ಟ ನೆಟ್‌ವರ್ಕಿನಲ್ಲಿ ಎಷ್ಟು ಜನ ಒದ್ದಾಡಲಿಲ್ಲ! ಯುಪಿಐಯಲ್ಲೂ ಎರಡೇ ಆ್ಯಪ್‌ಗಳು ಸುಮಾರು 80 ಶೇಕಡ ವ್ಯವಹಾರ ಹಿಡಿದುಕೊಂಡಿವೆ. ಆದರೂ ಮಲ್ಪೆಯಲ್ಲಿ ಮೀನು ಮಾರುವವರು ಹೆದರುವುದಿಲ್ಲ, ಯಾಕೆಂದರೆ ಯಾವ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೂ ದುಡ್ಡು ಬರುತ್ತದೆ. ಒಂದು ಆ್ಯಪ್ ಕೈಕೊಟ್ಟರೆ ಇನ್ನೊಂದು ಹಾಕಿಕೊಂಡರಾಯಿತು. ರಿವ್ಯೂಗಳಿಗೂ ಹಾಗೇ ಒಂದು ಪೋರ್ಟ್ ಯಾಕೆ ಬೇಡ?

ನಮ್ಮ ಅಜ್ಜ ಇದ್ದಿದ್ದರೆ ಇನ್ನೊಂದು ದಾರಿ ಹೇಳುತ್ತಿದ್ದರು. ಅಡಿಕೆ ಬೆಲೆ ಬಿದ್ದಾಗ ಅಂಗಳದಲ್ಲಿ ಒಣಗಿಸಿದ ಚಾಲಿಯನ್ನು ವ್ಯಾಪಾರಿ ಹೇಳಿದ ರೇಟಿಗೆ ಕೊಡಬೇಕಿತ್ತು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು, ಬೆಳೆಗಾರರದ್ದೇ ಸಹಕಾರಿ. ಅಡಿಕೆ ವ್ಯಾಪಾರಿಗಳನ್ನು ಯಾರೂ ಒಡೆಯಲಿಲ್ಲ. ಮಂಡಿಯಲ್ಲಿ ಇನ್ನೊಬ್ಬ ಖರೀದಿದಾರ ಬಂದು ನಿಂತ, ಅಷ್ಟೇ. ಲಾಡ್ಜಿನವರೂ ಒಟ್ಟು ಸೇರಿ ಸ್ವಂತ ಆ್ಯಪ್ ಮಾಡಲಿ ಅಂತ ನಾನು ಒಂದೆರಡು ಮೀಟಿಂಗಿನಲ್ಲಿ ಹೇಳಿ ನೋಡಿದೆ. ಯಾರ ಲಾಡ್ಜಿನ ಹೆಸರು ಮೊದಲು ಬರಬೇಕು ಅನ್ನುವಲ್ಲಿಗೆ ಮೀಟಿಂಗ್ ಮುಗಿಯಿತು.

ಆ ಗಿರಾಕಿ ಈಗಲೂ ಅದೇ ಆ್ಯಪ್‌ನಲ್ಲಿದ್ದಾರೆ. ನೂರು ರೂಪಾಯಿಯ ಸಾಲನ್ನು ವೆಬ್‌ಸೈಟಿನಿಂದ ತೆಗೆಸಿದರು. ಆಮೇಲೆ ಒಂದು ಮಧ್ಯಾಹ್ನ ಬಂದು, ಆ ರಿವ್ಯೂಗಳಲ್ಲಿ ಒಳ್ಳೆಯದು ಇಪ್ಪತ್ತು ಆರಿಸಿ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿ ಕೊಡು ಅಂದರು, ರಿಸೆಪ್ಶನ್ ಗೋಡೆಗೆ ತೂಗು ಹಾಕುವುದಕ್ಕೆ. ಆರಿಸುತ್ತಾ ಇದ್ದಾಗ "ಮೂರನೇ ಮಹಡಿಯಲ್ಲಿ ಬಿಸಿ ನೀರು ಬರಲಿಲ್ಲ" ಅನ್ನುವ ಎರಡು ಸ್ಟಾರಿನದ್ದು ಕಣ್ಣಿಗೆ ಬಿತ್ತು. ಅದನ್ನು ಬದಿಗಿಟ್ಟೆ. "ಅದೂ ಇರಲಿ" ಅಂದರು. "ಇಲ್ಲದಿದ್ದರೆ ಉಳಿದದ್ದನ್ನು ನಾನೇ ಬರೆದದ್ದು ಅಂತ ಹೇಳ್ತಾರೆ."